ವಿಠಲ ವಿಹಾರದಿಂದ ಎದ್ದ ವಾಣಿ: ಪ್ರೊ. ಎಂ. ವಿ. ಗೋಪಾಲಸ್ವಾಮಿ

ಮನೆಯ ಹಜಾರದಲ್ಲಿ ಉರಿಯುವ ಸಾಧಾರಣವಾದ ಒಂದು ವಿದ್ಯುದ್ದೀಪಕ್ಕೆ ನಾಲ್ವತ್ತು ವಾಟುಗಳ ಶಕ್ತಿ ಬೇಕಾಗುತ್ತಿದ್ದ ಕಾಲವೊಂದಿತ್ತು. ಅದಕ್ಕಿಂತಲೂ ಕಡಮೆಯಾದ, ಮೂವತ್ತೇ ವಾಟುಗಳ ಶಕ್ತಿಯುಳ್ಳ ಯಂತ್ರವೊಂದರಿಂದ 1935ನೆಯ ಇಸವಿ ಸೆಪ್ಟೆಂಬರ್ 10ರಂದು ಮೈಸೂರಿನ ಒಂದು ಮನೆಯೊಳಗಿನ ಮಾತು ಗೋಡೆಗಳನ್ನು ದಾಟಿ ಆಕಾಶವನ್ನು ಸೇರಿತು. ಮನೆಯ ಹೆಸರು ವಿಠಲ ವಿಹಾರ. ಮನೆಯ ಯಜಮಾನರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು. ಅವರು ಎಂಜಿನಿಯರರಲ್ಲ, ವರ್ತಕರಲ್ಲ, ಸರ್ಕಾರದ ಅಧಿಕಾರಿಯೂ ಅಲ್ಲ. ಬಾನುಲಿಯೆಂಬುದು ಸಾಮ್ರಾಜ್ಯದ ಅಂಚೆ ತಂತಿ ಇಲಾಖೆಯ ಕಡತಗಳಲ್ಲಿ ಬಂದಿಯಾಗಿದ್ದ ದಿನಗಳಲ್ಲಿ ಒಬ್ಬ ಅಧ್ಯಾಪಕರು ತಮ್ಮ ವಾಸದ ಮನೆಯನ್ನೇ ಪ್ರಸಾರ ನಿಲಯವನ್ನಾಗಿ ಮಾಡಿಕೊಂಡದ್ದು ಹೇಗೆ, ಏಕೆ, ಕಡೆಗೆ ಅದು ಏನಾಯಿತು ಎಂಬುದನ್ನು ತಿಳಿಯಬೇಕಾದರೆ ಅವರ ಜೀವಿತದ ದಾರಿಯನ್ನು ತುಸು ಹಿಂದಿನಿಂದ ನೋಡಿಕೊಂಡು ಬರಬೇಕಾಗುತ್ತದೆ.

ಗೋಪಾಲಸ್ವಾಮಿಯವರು ಹುಟ್ಟಿದ್ದು 1896ರಲ್ಲಿ. ಉನ್ನತ ವ್ಯಾಸಂಗಕ್ಕಾಗಿ ಅವರು ಲಂಡನ್ನಿಗೆ ತೆರಳಿ, ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯರಾದರು. ಸ್ಪಿಯರ್‌ಮನ್ ಎಂದರೆ ಆಗಿನ ಮನಶ್ಶಾಸ್ತ್ರದಲ್ಲಿ ದೊಡ್ಡ ಹೆಸರು. ಮನುಷ್ಯನ ನಾನಾ ಸಾಮರ್ಥ್ಯಗಳ ಹಿಂದೆ ಒಂದು ಸಾಮಾನ್ಯವಾದ ಬುದ್ಧಿಶಕ್ತಿ ಇದೆಯೆಂದೂ, ಒಂದೊಂದು ಕೆಲಸಕ್ಕೆ ಬೇಕಾದ ವಿಶೇಷ ಶಕ್ತಿ ಬೇರೆಯಾಗಿ ಇದೆಯೆಂದೂ ಗಣಿತದ ಆಧಾರದಿಂದ ವಾದಿಸಿದವರು ಅವರು. ಗುರುಗಳು ಅಳೆಯುವವರಾದುದರಿಂದ ಶಿಷ್ಯರೂ ಅಳೆಯುವವರೇ ಆದರು. ಕೈಕೆಲಸವನ್ನು ಕಲಿಯುವಾಗ ಬುದ್ಧಿಯ ಪಾಲೆಷ್ಟು ಎಂಬ ಪ್ರಶ್ನೆಯನ್ನು ಗೋಪಾಲಸ್ವಾಮಿಯವರು ಪ್ರಯೋಗಕ್ಕೆ ಒಡ್ಡಿ, ಅದರ ಫಲವನ್ನು 1924ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ದೇಶದ ಅನೇಕ ಕಾಲೇಜುಗಳಲ್ಲಿ ಮನಶ್ಶಾಸ್ತ್ರವು ಇನ್ನೂ ತತ್ತ್ವಶಾಸ್ತ್ರದ ಒಂದು ಅಧ್ಯಾಯವಾಗಿ, ಆತ್ಮ ಮನಸ್ಸುಗಳ ವಿಚಾರದಲ್ಲಿ ತರ್ಕ ಹೂಡುವ ವಿದ್ಯೆಯಾಗಿ ಉಳಿದಿದ್ದ ಕಾಲವದು. ಗೋಪಾಲಸ್ವಾಮಿಯವರಿಗಾದರೋ ಅದು ಕೈಯಿಂದ ಮಾಡಿ ಕಣ್ಣಿಂದ ನೋಡುವ ವಿದ್ಯೆಯಾಗಿ ಒದಗಿತ್ತು.

ಅವರು ಲಂಡನ್ನಿನಲ್ಲಿದ್ದ ಆ ವರ್ಷಗಳಲ್ಲಿಯೇ ಇನ್ನೊಂದು ಸಂಗತಿ ನಡೆದಿತ್ತು. 1922ರ ನವೆಂಬರ್ 14ರಂದು ಬಿ.ಬಿ.ಸಿ. ಸಂಸ್ಥೆಯ ದಿನನಿತ್ಯದ ಪ್ರಸಾರ ಲಂಡನ್ನಿನಿಂದ ಆರಂಭವಾಯಿತು. ತಂತಿಯಿಲ್ಲದೆ ಮಾತು ಹರಿಯುವ ಈ ಸೋಜಿಗವು ಆ ನಗರದ ಮನೆಮನೆಗಳಲ್ಲಿ ಮಾತಿಗೆ ವಸ್ತುವಾಗಿದ್ದಾಗ ಅಲ್ಲಿ ವಿದ್ಯಾರ್ಥಿಯಾಗಿದ್ದ ಮೈಸೂರಿನ ಭಾವೀ ಪ್ರಾಧ್ಯಾಪಕರ ಕಿವಿಗೆ ಅದು ಬೀಳದೆ ಇದ್ದಿರಲಾರದು.

ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆಗ ಎಂಟೇ ವರ್ಷ. ಅದರ ಕುಲಪತಿಗಳಾಗಿದ್ದವರು ವಂಗದೇಶದ ಮಹಾಪಂಡಿತ ಬ್ರಜೇಂದ್ರನಾಥ ಸೀಲ್. ಪ್ರಾಯೋಗಿಕ ಮನಶ್ಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ಪಾಠಕ್ರಮವೊಂದನ್ನು ಮೊದಲು ರೂಪಿಸಿದವರು ಅವರೇ. 1905ರಲ್ಲಿಯೇ ಕಲ್ಕತ್ತೆಯ ವಿಶ್ವವಿದ್ಯಾನಿಲಯಕ್ಕಾಗಿ ಅದನ್ನು ಬರೆದುಕೊಟ್ಟಿದ್ದರು. ಅಂತಹವರು ಕುಲಪತಿಗಳಾಗಿದ್ದ ಕಡೆಗೆ ಸ್ಪಿಯರ್‌ಮನ್‌ರ ಶಿಷ್ಯರೊಬ್ಬರು ಬಂದುದು ಯೋಗಾಯೋಗವೇ ಸರಿ. 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ವಿಭಾಗ ಸ್ಥಾಪಿತವಾಯಿತು. ಕಲ್ಕತ್ತೆಯದನ್ನು ಬಿಟ್ಟರೆ ಇಡೀ ಭಾರತಕ್ಕೆ ಅದೇ ಎರಡನೆಯದು. ಅದರ ಭಾರವನ್ನು ಹೊತ್ತವರು ಇಪ್ಪತ್ತೆಂಟು ವರ್ಷದ ಗೋಪಾಲಸ್ವಾಮಿಯವರು.

ಇಲ್ಲೊಂದು ಮಾತನ್ನು ಬದಿಗೆ ಹೇಳಿಬಿಡುವುದು ಒಳ್ಳೆಯದು. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರು ಡಾ. ಎಂ. ವಿ. ಗೋವಿಂದಸ್ವಾಮಿ. ಅವರು ವೈದ್ಯರು. ಹೆಸರಿನ ಸಾಮ್ಯದಿಂದಲೂ ಕಾರ್ಯಕ್ಷೇತ್ರದ ನೆರೆಹೊರೆಯಿಂದಲೂ ಈ ಇಬ್ಬರನ್ನು ಒಬ್ಬರೇ ಎಂದು ಎಣಿಸಿ ಬರೆದಿರುವ ಬರಹಗಳು ಕಣ್ಣಿಗೆ ಬೀಳುವುದುಂಟು. ನಮ್ಮ ಕಥಾನಾಯಕರು ಗೋಪಾಲಸ್ವಾಮಿಯವರು, ಮೈಸೂರಿನ ಅಧ್ಯಾಪಕರು.

ವಿಭಾಗವನ್ನು ಕಟ್ಟಿದ ಬಗೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಪ್ರಯೋಗಶಾಲೆ, ಪಾಠ, ಪರೀಕ್ಷೆ, ಮಕ್ಕಳ ಬುದ್ಧಿಯ ಅಳತೆಯಲ್ಲಿ ಆಸಕ್ತಿ, ಇವುಗಳಲ್ಲಿ ಹತ್ತು ವರ್ಷಗಳು ಕಳೆದುವು. ಆದರೆ ಈ ಹತ್ತು ವರ್ಷಗಳಲ್ಲಿ ಭಾರತದ ಬಾನುಲಿಯ ಕಥೆ ಯಾವ ಹಾದಿ ಹಿಡಿದಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಗೋಪಾಲಸ್ವಾಮಿಯವರ ಸಾಹಸದ ಬೆಲೆ ತಿಳಿಯುವುದು ಆ ಹಿನ್ನೆಲೆಯಲ್ಲಿಯೇ.

ನಮ್ಮಲ್ಲಿ ಬಾನುಲಿಯನ್ನು ಮೊದಲು ತಂದವರು ಹವ್ಯಾಸಿಗಳು. ಮುಂಬಯಿ, ಕಲ್ಕತ್ತೆಗಳಲ್ಲಿ 1923ರಲ್ಲಿ ರೇಡಿಯೋ ಕ್ಲಬ್ಬುಗಳು ಹುಟ್ಟಿದುವು. ಮದರಾಸಿನಲ್ಲಿ ಕೃಷ್ಣಸ್ವಾಮಿ ಚೆಟ್ಟಿಯವರ ಮುಂದಾಳುತನದಲ್ಲಿ 1924ರಲ್ಲಿ ಕ್ಲಬ್ಬೊಂದು ಸ್ಥಾಪಿತವಾಗಿ, ಆ ವರ್ಷವೇ ಪ್ರಸಾರವನ್ನೂ ಕೈಗೊಂಡು, ಹಣದ ಮುಗ್ಗಟ್ಟಿನಿಂದ 1927ರಲ್ಲಿ ಬಾಗಿಲು ಮುಚ್ಚಿತು. ಅದರ ಯಂತ್ರವು ಮದರಾಸಿನ ನಗರಸಭೆಯ ಕೈಸೇರಿ, 1930ರ ಏಪ್ರಿಲ್ 1ರಿಂದ ನಗರಸಭೆಯೇ ಪ್ರಸಾರ ನಡೆಸತೊಡಗಿತು. ಆದುದರಿಂದ ಗೋಪಾಲಸ್ವಾಮಿಯವರದು ಭಾರತದ ಮೊತ್ತಮೊದಲ ಖಾಸಗಿ ಬಾನುಲಿಯೆಂದು ಕೆಲವರು ಅಭಿಮಾನದಿಂದ ಹೇಳುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಅವರ ಕೀರ್ತಿಗೆ ಆ ಅತಿಶಯೋಕ್ತಿಯ ಆಸರೆ ಬೇಕಾಗಿಯೂ ಇಲ್ಲ.

ಹವ್ಯಾಸಿಗಳ ಅನಂತರ ಬಂದವರು ವ್ಯಾಪಾರಿಗಳು. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿಯು 1927ರ ಜುಲೈ 23ರಂದು ಮುಂಬಯಿಯಲ್ಲಿಯೂ ಆಗಸ್ಟ್ 26ರಂದು ಕಲ್ಕತ್ತೆಯಲ್ಲಿಯೂ ನಿಲಯಗಳನ್ನು ತೆರೆಯಿತು. ಹದಿನೈದು ಲಕ್ಷ ರೂಪಾಯಿಗಳ ಬಂಡವಾಳವೆಂದು ಕಾಗದದ ಮೇಲೆ ಬರೆದುಕೊಂಡ ಕಂಪೆನಿಗೆ ಕೈಗೆ ಬಂದುದು ಆರೇ ಲಕ್ಷ. ಮುಖ್ಯ ವರಮಾನವೆಂದರೆ ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ ತೆರುವ ಹತ್ತು ರೂಪಾಯಿ ಲೈಸೆನ್ಸ್ ಶುಲ್ಕದಲ್ಲಿ ಒಂದು ಪಾಲು. ಇಷ್ಟು ದೊಡ್ಡ ದೇಶದಲ್ಲಿ ಲೈಸೆನ್ಸ್ ಪಡೆದವರ ಸಂಖ್ಯೆಯಾದರೋ ಎಂಟು ಸಾವಿರವನ್ನೂ ಮುಟ್ಟಲಿಲ್ಲ. 1930ರ ಮಾರ್ಚಿಯಲ್ಲಿ ಕಂಪೆನಿ ಮುಳುಗಿತು. ಮರುತಿಂಗಳು ಸರ್ಕಾರವೇ ಅದನ್ನು ವಹಿಸಿಕೊಂಡು, 1931ರಲ್ಲಿ ನಿಲಯಗಳನ್ನು ಮುಚ್ಚಿಬಿಡುವುದಾಗಿ ಸಾರಿ, ಜನರು ಕೂಗೆಬ್ಬಿಸಿದ ಮೇಲೆ ಆ ಆಜ್ಞೆಯನ್ನು ಹಿಂದೆಗೆದುಕೊಂಡಿತು. ಬ್ರಿಟಿಷ್ ಭಾರತದ ಸರ್ಕಾರಕ್ಕೆ ಬಾನುಲಿಯ ಮೇಲಿದ್ದುದು ಪ್ರೀತಿಯಲ್ಲ. ಬೇರೆಯವರ ಕೈಗೆ ಬಿಡಲು ಭಯ, ತಾನು ನಡೆಸಲು ಬೇಸರ. 1933ರ ನಿಸ್ತಂತು ಕಾನೂನು ಲೈಸೆನ್ಸ್ ಇಲ್ಲದೆ ಯಂತ್ರವನ್ನು ಇಟ್ಟುಕೊಳ್ಳುವುದನ್ನೇ ಅಪರಾಧವೆಂದು ಮಾಡಿತು.

1935ನೆಯ ವರ್ಷ ಈ ಕಥೆಯ ತಿರುವು. ಆ ವರ್ಷದ ಆಗಸ್ಟ್ 2ರಂದು ಭಾರತ ಸರ್ಕಾರದ ಕಾಯಿದೆಗೆ ಸಾಮ್ರಾಟರ ಅಂಕಿತ ಬಿದ್ದಿತು. ಪ್ರಾಂತಗಳೂ ದೇಶೀಯ ಸಂಸ್ಥಾನಗಳೂ ತಮ್ಮದೇ ಪ್ರಸಾರ ಯಂತ್ರಗಳನ್ನು ನಡೆಸಲು ಕೇಳಿದರೆ ಕಾರಣವಿಲ್ಲದೆ ನಿರಾಕರಿಸಕೂಡದೆಂಬ ಭಾವದ ಒಂದು ವಿಧಿ, 129ನೆಯ ಪ್ರಕರಣ, ಅದರಲ್ಲಿ ಸೇರಿತ್ತು. ಅದೇ ಆಗಸ್ಟ್ ತಿಂಗಳ ಕೊನೆಯಲ್ಲಿ ಬಿ.ಬಿ.ಸಿ.ಯಿಂದ ಐದು ವರ್ಷಗಳ ಎರವಲಿಗೆ ಬಂದ ಲಯನೆಲ್ ಫೀಲ್ಡನ್ ಎಂಬಾತ ಮುಂಬಯಿಯಲ್ಲಿ ಹಡಗಿನಿಂದ ಇಳಿದ. ಭಾರತದ ಬಾನುಲಿಗೆ ಅವನೇ ಮೊದಲ ಕಂಟ್ರೋಲರ್. ಹತ್ತು ಹನ್ನೆರಡು ದಿನಗಳು ಕಳೆಯುವಷ್ಟರಲ್ಲಿ ಮೈಸೂರಿನ ವಿಠಲ ವಿಹಾರದಲ್ಲಿ ಪ್ರಸಾರ ಮೊದಲಾಗಿತ್ತು. ಕಂಟ್ರೋಲರನಿಗೆ ದೆಹಲಿಯ ನಿಲಯವನ್ನು ತೆರೆಯಲು 1936ರ ಜನವರಿ 1ರವರೆಗೆ ಕಾಯಬೇಕಾಯಿತು. ಮದರಾಸಿನಲ್ಲಿ ಸರ್ಕಾರದ ನಿಲಯ ಬಂದುದು 1938ರ ಜೂನ್ 16ರಂದು. ದಕ್ಷಿಣದಲ್ಲಿ ಸರ್ಕಾರ ಕಣ್ಣು ತೆರೆಯುವ ಮೊದಲೇ ನಮ್ಮ ಪ್ರಾಧ್ಯಾಪಕರು ಸುಮಾರು ಮೂರು ವರ್ಷಗಳ ಕೆಲಸ ಮಾಡಿ ಮುಗಿಸಿದ್ದರು.

ಈ ಎರಡು ಬಗೆಯ ಬಾನುಲಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡುವುದು ಲಾಭದಾಯಕ. ಫೀಲ್ಡನ್ ಕಟ್ಟಹೊರಟುದು ಒಂದು ಇಲಾಖೆಯನ್ನು. ಅಲ್ಲಿ ನಿಲಯ ನಿರ್ದೇಶಕರು, ಕಾರ್ಯಕ್ರಮ ಸಹಾಯಕರು, ಉದ್ಘೋಷಕರು, ಎಂಜಿನಿಯರರು, ಗುಮಾಸ್ತರು. ಒಬ್ಬೊಬ್ಬರಿಗೂ ಒಂದೊಂದು ದರ್ಜೆ, ಸಂಬಳದ ಶ್ರೇಣಿ, ರಜೆಯ ನಿಯಮ. ಒಂದು ಕುರ್ಚಿಯನ್ನು ಕೊಳ್ಳುವುದಕ್ಕೂ ಹಣಕಾಸಿನ ಇಲಾಖೆಯ ಒಪ್ಪಿಗೆ ಬೇಕು. ಬುಖಾರಿ ಸಹೋದರರಂತಹ ಸಾಹಿತ್ಯರಸಿಕರನ್ನು ಆತ ಹುಡುಕಿ ತಂದು ಕೂರಿಸಿದನೆಂಬುದು ನಿಜ. ಅವನ ಕಾಲದ ಅನಂತರ, 1940ರ ದಶಕದ ಆರಂಭದಲ್ಲಿ, ದೆಹಲಿಯ ನಿಲಯದಲ್ಲಿ ಉರ್ದುವಿನ ಮಹಾಕಥೆಗಾರರಾದ ಸಾದತ್ ಹಸನ್ ಮಂಟೋ, ಕೃಷ್ಣಚಂದರ್ ಇವರು ಸಂಬಳಕ್ಕೆ ನಾಟಕ ಬರೆದುದೂ ನಿಜ. ಆದರೂ ಕಡತದ ಕೆಂಪು ದಾರದೊಡನೆ ಸೆಣಸಿ ಸೆಣಸಿ ಬಳಲಿದ ಫೀಲ್ಡನ್ ತನ್ನ ಆತ್ಮಕಥೆಯಲ್ಲಿ ಆ ವರ್ಷಗಳ ಕಹಿಯನ್ನು ಮುಚ್ಚಿಟ್ಟಿಲ್ಲ. ಸಂಸ್ಥೆಗಿದ್ದ ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವೀಸ್ ಎಂಬ ಉದ್ದನೆಯ ಹೆಸರು ಆತನಿಗೆ ಹಿಡಿಸದೆ, ಅದನ್ನು ನೇರವಾಗಿ ಬದಲಿಸಲು ಸೆಕ್ರೆಟೇರಿಯೆಟ್ಟು ಬಿಡದೆಂದು ತಿಳಿದು, ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ವೈಸರಾಯ್ ಲಿನ್‌ಲಿತ್‌ಗೋ ಅವರಿಗೇ ಹೊಳೆಯಿತೆಂದು ಅವರು ಭಾವಿಸುವಂತೆ ಉಪಾಯದಿಂದ ಮಾಡಿ, 1936ರ ಜೂನ್ 8ರಿಂದ ಅದನ್ನು ಜಾರಿಗೆ ತಂದನಂತೆ. ಹೆಸರೊಂದನ್ನು ಇಡಲು ವೈಸರಾಯರವರೆಗೆ ಹೋಗಬೇಕಾದ ಸಂಸ್ಥೆ ಅದು.

ವಿಠಲ ವಿಹಾರದಲ್ಲಿ ದರ್ಜೆಯೂ ಇರಲಿಲ್ಲ, ಶ್ರೇಣಿಯೂ ಇರಲಿಲ್ಲ. ನಿಲಯದ ನಿರ್ದೇಶಕರು ಮನೆಯ ಯಜಮಾನರೇ. ಬೆಳಗಿನ ಹೊತ್ತು ಕಾಲೇಜಿನಲ್ಲಿ ಪಾಠ; ಸಂಜೆ ಮನೆಯಲ್ಲಿ ಬಾನುಲಿ. ನೆರವಿಗೆ ನಿಂತವರು ಸಹೋದ್ಯೋಗಿಗಳಾದ ಅಧ್ಯಾಪಕರು, ವಿದ್ಯಾರ್ಥಿಗಳು, ನಗರದ ವಿದ್ವಾಂಸರು, ಸಂಗೀತಗಾರರು. ವೆಚ್ಚಕ್ಕೆ ಪ್ರಾಧ್ಯಾಪಕರ ಸಂಬಳ, ಅದು ಸಾಲದಾದಾಗ ಅಭಿಮಾನಿಗಳ ವಂತಿಗೆ, ಮುಂದೆ ಮೈಸೂರಿನ ನಗರಸಭೆಯ ಸಹಾಯ. ಮೂವತ್ತು ವಾಟಿನ ಯಂತ್ರ ಸಾಲದೆ ಹೋದಾಗ 250 ವಾಟಿನದೊಂದನ್ನು ಹೊರದೇಶದಿಂದ ತರಿಸಿಕೊಂಡರು. ಲೈಸೆನ್ಸ್ ಶುಲ್ಕದಲ್ಲಿ ಪಾಲು ಪಡೆದೂ ಒಂದು ಕಂಪೆನಿ ಮುಳುಗಿದ ದೇಶದಲ್ಲಿ, ಯಾವ ಶುಲ್ಕವೂ ಬಾರದ ನಿಲಯವೊಂದನ್ನು ಒಬ್ಬ ಅಧ್ಯಾಪಕರು ಸುಮಾರು ಆರು ವರ್ಷ ನಡೆಸಿದರೆಂಬುದನ್ನು ಈಗ ನಿಂತು ಯೋಚಿಸಿದರೆ ಬೆರಗಾಗುತ್ತದೆ.

ಬಾನುಲಿಯ ಕೆಲಸವೆಂದರೆ ಹೊರಗಿನವರು ಎಣಿಸಿದಷ್ಟು ಸುಲಭವಲ್ಲ. ಇಂದಿನಂತೆ ಮೊದಲೇ ಮುದ್ರಿಸಿಟ್ಟು ಬೇಕಾದಾಗ ಬಿತ್ತರಿಸುವ ಅನುಕೂಲ ಆಗ ಇರಲಿಲ್ಲ. ಗ್ರಾಮಫೋನಿನ ತಟ್ಟೆಗಳನ್ನು ಬಿಟ್ಟರೆ ಮಿಕ್ಕುದೆಲ್ಲವೂ ಆ ಗಳಿಗೆಯಲ್ಲಿಯೇ ನಡೆಯಬೇಕು. ಹಾಡುವವನ ಗಂಟಲು ಕಟ್ಟಿದರೆ ಕೇಳುಗನಿಗೂ ಅದು ತಿಳಿಯಿತು. ಭಾಷಣಕಾರರು ಹತ್ತು ನಿಮಿಷ ತಡವಾಗಿ ಬಂದರೆ ಆ ಹತ್ತು ನಿಮಿಷ ಆಕಾಶ ಮೌನ. ಆದುದರಿಂದ ಗಡಿಯಾರವೇ ಅಲ್ಲಿಯ ದೊರೆ. ಸಭೆಯಲ್ಲಿ ಗಂಟೆಗಟ್ಟಲೆ ಮಾತನಾಡುವ ಪಂಡಿತರನ್ನು ಹದಿನೈದು ನಿಮಿಷಗಳಿಗೆ ಒಗ್ಗಿಸಬೇಕು. ಎದುರಿಗೆ ಜನರಿಲ್ಲದೆ, ತಲೆದೂಗುವವರಿಲ್ಲದೆ, ಕೋಣೆಯಲ್ಲಿ ಒಂಟಿಯಾಗಿ ನಿಂತ ಧ್ವನಿಗ್ರಾಹಕವೊಂದಕ್ಕೆ ಹಾಡೆಂದು ಸಂಗೀತಗಾರರನ್ನು ಒಪ್ಪಿಸಬೇಕು. ಶ್ರೋತೃಗಳ ಕಣ್ಣನ್ನು ನೋಡಿ ರಾಗವನ್ನು ಬೆಳೆಸುವ ನಮ್ಮ ವಿದ್ವಾಂಸರಿಗೆ ಇದು ಎಷ್ಟು ಕಷ್ಟವಾಗಿದ್ದಿರಬೇಕೆಂಬುದನ್ನು ಸಂಗೀತದ ಗಂಧವಿದ್ದವರು ಊಹಿಸಬಲ್ಲರು. ಗೋಡೆಗಳ ಪ್ರತಿಧ್ವನಿಯನ್ನು ಅಡಗಿಸಬೇಕು, ಬೀದಿಯ ಸದ್ದು ಒಳಗೆ ಬಾರದಂತೆ ನೋಡಿಕೊಳ್ಳಬೇಕು, ಯಂತ್ರದ ವಾಲ್ವುಗಳು ಕಾದು ಕೆಟ್ಟರೆ ಬದಲಿಯನ್ನು ಹುಡುಕಬೇಕು. ವಾಸದ ಮನೆಯಲ್ಲಿ ಇದನ್ನೆಲ್ಲ ಮಾಡುವುದೆಂದರೆ ಮನೆಮಂದಿಯೆಲ್ಲರೂ ಉಸಿರು ಬಿಗಿಹಿಡಿದು ಬದುಕಿದಂತೆಯೇ ಸರಿ. ಚರಿತ್ರೆಯನ್ನು ಬರೆಯುವವರು ಯಜಮಾನರ ಹೆಸರನ್ನು ಬರೆಯುತ್ತಾರೆ. ಒಳಮನೆಯಲ್ಲಿ ಸದ್ದಡಗಿಸಿಕೊಂಡು ಸಂಜೆಗಳನ್ನು ಕಳೆದವರ ಪಾಲು ಯಾವ ದಾಖಲೆಯಲ್ಲಿಯೂ ಸೇರುವುದಿಲ್ಲ.

ಇಂತಹ ಕೆಲಸಕ್ಕೆ ಮೈಸೂರು ತಕ್ಕ ಊರೇ ಆಗಿತ್ತೆಂಬುದನ್ನೂ ಹೇಳಬೇಕು. ಶಿವನಸಮುದ್ರದಲ್ಲಿ 1902ರಿಂದ ಹರಿಯುತ್ತಿದ್ದ ವಿದ್ಯುತ್ತು 1908ರಲ್ಲಿಯೇ ಮೈಸೂರಿನ ಬೀದಿಗಳನ್ನು ಮುಟ್ಟಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಸಂಗೀತದ ಮರ್ಮವನ್ನು ಬಲ್ಲ ದೊರೆ. ಮೈಸೂರು ವಾಸುದೇವಾಚಾರ್ಯರು, ವೀಣೆಯ ವೆಂಕಟಗಿರಿಯಪ್ಪನವರು, ಏಳು ತಂತಿಯ ಪಿಟೀಲಿನ ಚೌಡಯ್ಯನವರು ಇವರೆಲ್ಲರೂ ಒಂದೇ ಕಾಲದಲ್ಲಿ ಅರಮನೆಯ ನೆರಳಿನಲ್ಲಿದ್ದರು. ಕಾಲೇಜಿನ ಕಡೆಗೆ ನೋಡಿದರೆ ಕನ್ನಡದ ಹೊಸ ಸಾಹಿತ್ಯವೆಲ್ಲ ಆ ಕಂಬಗಳ ನಡುವೆಯೇ ಮಾತನಾಡುತ್ತಿತ್ತು. ಹೇಳುವ ಸಾಮಗ್ರಿಗೆ ಕೊರತೆಯಿರಲಿಲ್ಲ. ಅದನ್ನು ಅರಮನೆಯ ದರ್ಬಾರಿನಿಂದಲೂ ಕಾಲೇಜಿನ ತರಗತಿಯಿಂದಲೂ ಹೊರಗೆ ತರುವ ಬಾಗಿಲೊಂದು ಬೇಕಾಗಿತ್ತು. ಆಹ್ವಾನ ಪತ್ರಿಕೆ ಇಲ್ಲದವನ ಕಿವಿಗೆ ವೀಣೆಯ ನಾದ ತಲಪುವುದೆಂದರೆ ಆ ದಿನಗಳಲ್ಲಿ ಸಣ್ಣ ಮಾತಲ್ಲ. ರೇಡಿಯೋ ಕೊಳ್ಳಬಲ್ಲವರು ಕೆಲವರೇ ಆಗಿದ್ದರು, ನಿಜ. ಆದರೆ ಒಂದು ಪೆಟ್ಟಿಗೆಯ ಸುತ್ತ ಕೂರುತ್ತಿದ್ದವರು ಒಬ್ಬಿಬ್ಬರಲ್ಲ.

ಒಬ್ಬ ಮನಶ್ಶಾಸ್ತ್ರಜ್ಞರು ಇದಕ್ಕೆ ಕೈಹಾಕಿದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕೇಳಿದುದು ಮನಸ್ಸಿನಲ್ಲಿ ಹೇಗೆ ನೆಲೆಗೊಳ್ಳುತ್ತದೆ, ಕಾಣದ ವ್ಯಕ್ತಿಯ ದನಿಯನ್ನು ನಾವು ಏಕೆ ನಂಬುತ್ತೇವೆ, ಮಾತು ಎಷ್ಟು ಉದ್ದವಾದರೆ ಗಮನ ಜಾರುತ್ತದೆ, ಇವು ಅವರ ಶಾಸ್ತ್ರದ ಪ್ರಶ್ನೆಗಳೇ. ಅದೇ 1935ರಲ್ಲಿ ಅಮೆರಿಕದಲ್ಲಿ ಹ್ಯಾಡ್ಲಿ ಕ್ಯಾಂಟ್ರಿಲ್, ಗಾರ್ಡನ್ ಆಲ್‌ಪೋರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಬಾನುಲಿಯ ಮನಶ್ಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನು ಹೊರತಂದರು. ಅವರು ಅಲ್ಲಿ ಬಾನುಲಿಯ ವಿಚಾರವಾಗಿ ಪುಸ್ತಕ ಬರೆದರು. ಗೋಪಾಲಸ್ವಾಮಿಯವರು ಇಲ್ಲಿ ಬಾನುಲಿಯನ್ನೇ ನಡೆಸಿದರು. ತಾವು ನಡೆಸಿದುದರ ಅನುಭವವನ್ನು ಅವರೂ ಒಂದು ಗ್ರಂಥವಾಗಿ ಬರೆದಿಟ್ಟಿದ್ದರೆ ಎಂದು ಆಸೆಯಾಗುತ್ತದೆ. ಮಾಡುವವರಿಗೆ ಬರೆಯಲು ಬಿಡುವಿರುವುದಿಲ್ಲವೆಂಬ ನಮ್ಮ ದೇಶದ ಹಳೆಯ ಕಥೆ ಇಲ್ಲಿಯೂ ನಡೆದಿದೆ.

ಹೆಸರಿನ ಸಂಗತಿಗೆ ಬರೋಣ. ಈ ಮನೆಯ ಬಾನುಲಿಗೆ ಆಕಾಶವಾಣಿಯೆಂದು ಹೆಸರಾಯಿತು. ಅದನ್ನು ಸೂಚಿಸಿದವರು ಗೋಪಾಲಸ್ವಾಮಿಯವರ ಬಲಗೈಯಂತಿದ್ದ ನಾ. ಕಸ್ತೂರಿಯವರೆಂದು ಮೈಸೂರಿನವರು ಹೇಳಿಕೊಂಡು ಬಂದಿದ್ದಾರೆ. ಕಸ್ತೂರಿಯವರು ಕೇರಳದ ತೃಪ್ಪೂಣಿತ್ತುರೆಯಲ್ಲಿ 1897ರಲ್ಲಿ ಹುಟ್ಟಿದವರು, ಮಲೆಯಾಳ ಮನೆಮಾತು. ಮೈಸೂರಿಗೆ ಚರಿತ್ರೆಯ ಅಧ್ಯಾಪಕರಾಗಿ ಬಂದು, ಕನ್ನಡವನ್ನು ಕಲಿತು, ಕನ್ನಡಿಗರನ್ನೇ ನಗಿಸುವಷ್ಟು ಅದರಲ್ಲಿ ಪಳಗಿದರು. ಅವರ ‘ಅನರ್ಥಕೋಶ’ವನ್ನು ಬಲ್ಲವರಿಗೆ ಪದಗಳೊಡನೆ ಅವರಿಗಿದ್ದ ಸಲಿಗೆ ಎಂತಹುದೆಂದು ಹೇಳಬೇಕಾಗಿಲ್ಲ. ಶಬ್ದಗಳಿಗೆ ಬೇಕೆಂದೇ ಅನರ್ಥ ಹಚ್ಚಿ ನಗಿಸಿದ ಅವರಿಂದಲೇ ಇಷ್ಟು ಅರ್ಥವತ್ತಾದ ಒಂದು ಹೆಸರು ಬಂದುದು ಸ್ವಾರಸ್ಯ. ದೇವಕಿಯ ಮದುವೆಯ ಮೆರವಣಿಗೆಯಲ್ಲಿ ಕಂಸನು ರಥ ನಡೆಸುತ್ತಿರಲು ಆಕಾಶದಿಂದ ಕೇಳಿಬಂದ ವಾಣಿಯ ಕಥೆ ನಮ್ಮ ಹಳ್ಳಿಯ ಅಜ್ಜಿಯರಿಗೂ ಗೊತ್ತು. ಬಯಲಾಟ, ಕಂಪೆನಿ ನಾಟಕಗಳಲ್ಲಿ ಪರದೆಯ ಹಿಂದಿನಿಂದ ಬರುತ್ತಿದ್ದ ಅಶರೀರವಾಣಿಯನ್ನು ಕೇಳಿದ ಜನಕ್ಕೆ ಹೊಸ ಯಂತ್ರದ ಗುಟ್ಟನ್ನು ಬೇರೆಯಾಗಿ ವಿವರಿಸುವ ಅಗತ್ಯವೇ ಬೀಳಲಿಲ್ಲ. ವೈಸರಾಯರನ್ನು ಮರುಳುಮಾಡಿ ಪಡೆದ ದೆಹಲಿಯ ಹೆಸರಿನಲ್ಲಿ ಮೂರು ಇಂಗ್ಲಿಷ್ ಪದಗಳು. ಮೈಸೂರಿನ ಹೆಸರಿನಲ್ಲಿ ಒಂದೇ ಪದ, ಅದೂ ಪುರಾಣದಷ್ಟು ಹಳೆಯದು. ಕಲ್ಕತ್ತೆಯ ಬಾನುಲಿಗಾಗಿ 1938ರಲ್ಲಿ ರವೀಂದ್ರನಾಥ ಠಾಕೂರರು ಬರೆದ ಕವಿತೆಯಲ್ಲಿ ಇದೇ ಪದ ಬಂದುದರಿಂದ, ಹೆಸರು ಅವರದೆಂದು ಭಾವಿಸುವವರೂ ಇದ್ದಾರೆ. ಮೈಸೂರಿನ ಬಳಕೆ ಅದಕ್ಕಿಂತ ಹಿಂದಿನದು.

ಆದರೆ ಮನೆಯೊಂದರಲ್ಲಿ, ಒಬ್ಬರ ಸಂಬಳದ ಮೇಲೆ, ಸಂಸ್ಥೆಯೊಂದು ಎಷ್ಟು ದಿನ ನಿಲ್ಲಬಲ್ಲದು? ಯುದ್ಧ ಬಂದಿತು. ಹೊರದೇಶದ ವಾಲ್ವುಗಳೂ ಬಿಡಿಭಾಗಗಳೂ ಸುಲಭವಾಗಿ ದೊರಕದ ದಿನಗಳು. ಬಾನುಲಿಯೆಂಬುದು ವಿನೋದದ ವಸ್ತುವಲ್ಲ, ಆಯುಧವೆಂದು ಸರ್ಕಾರಗಳೆಲ್ಲ ಮನಗಂಡ ದಿನಗಳೂ ಅವೇ. 1940ರ ಆಗಸ್ಟಿನಲ್ಲಿ ನಾಲ್ವಡಿಯವರು ಕಾಲವಾದರು. ಮರುವರ್ಷ ದಿವಾನ ಮಿರ್ಜಾ ಇಸ್ಮಾಯಿಲ್ ಅವರು ಅಧಿಕಾರ ಬಿಟ್ಟರು. 1941-42ರ ಸುಮಾರಿಗೆ ಮೈಸೂರು ಸಂಸ್ಥಾನದ ಸರ್ಕಾರವು ನಿಲಯವನ್ನು ವಹಿಸಿಕೊಂಡಿತು. ಕೆಲಸ ಮಾಡಿದವರಿಗೆ ಸಂಬಳವೆಂಬುದು ಖಚಿತವಾದುದು ಆಗಲೇ. ನಿಲಯದ ಆಡಳಿತದಲ್ಲಿ ಕಸ್ತೂರಿಯವರ ಹೊಣೆಯೂ ಆ ಕಾಲದಲ್ಲಿ ಹೆಚ್ಚಿತು.

ಈ ಹಸ್ತಾಂತರವನ್ನು ಹೇಗೆ ನೋಡಬೇಕು? ಸರ್ಕಾರ ಕಿತ್ತುಕೊಂಡಿತೆಂದು ದುಃಖಿಸುವವರಿಗೆ ನಾನು ಹೇಳುವುದಿಷ್ಟು: ಪುಕ್ಕಟೆಯ ದುಡಿಮೆಗೆ ಒಂದು ಮಿತಿಯಿದೆ. ಉತ್ಸಾಹದಿಂದ ಹಾಡಿದ ವಿದ್ವಾಂಸರಿಗೂ ಮನೆಮಠ ಇರುತ್ತದೆ. ದಿನವೂ ಸಂಜೆ ಯಂತ್ರದ ಬಳಿ ಕೂರುವ ಹುಡುಗನಿಗೂ ಹೊಟ್ಟೆಯಿರುತ್ತದೆ. ಸಂಭಾವನೆಯಿಲ್ಲದ ಸಂಸ್ಥೆ ಒಬ್ಬ ಮನುಷ್ಯನ ಆಯುಸ್ಸಿಗೆ ತಗಲಿಕೊಂಡಿರುತ್ತದೆ. ಸರ್ಕಾರ ಕೈಹಾಕದಿದ್ದರೆ ಮದರಾಸಿನ ಕ್ಲಬ್ಬಿನಂತೆಯೇ ಇದೂ ಒಂದು ದಿನ ಬಾಗಿಲು ಮುಚ್ಚಿ, ಹಳಬರ ನೆನಪಿನಲ್ಲಿ ಮಾತ್ರ ಉಳಿಯುತ್ತಿತ್ತು. ಆದರೂ ಮನೆಯಲ್ಲಿದ್ದಾಗ ನಿಲಯಕ್ಕೆ ಇದ್ದ ಒಂದು ಗುಣ ಕಛೇರಿಯಾದ ಮೇಲೆ ಉಳಿಯುವುದು ಕಷ್ಟವೆಂಬುದನ್ನು ಅಲ್ಲಗಳೆಯಲಾರೆ. ಹೊಳೆದುದನ್ನು ಅಂದೇ ಸಂಜೆ ಮಾಡಿ ನೋಡುವ ಸ್ವಾತಂತ್ರ್ಯ ಅದು. ಗೋಪಾಲಸ್ವಾಮಿಯವರು ತಾವು ಕಟ್ಟಿದುದನ್ನು ಬಿಟ್ಟುಕೊಟ್ಟು ಮತ್ತೆ ತಮ್ಮ ಪ್ರಯೋಗಶಾಲೆಗೂ ತರಗತಿಗೂ ಮರಳಿದರು.

ಅನಂತರದ ಕಥೆ ಬೇಗ ಹೇಳಿ ಮುಗಿಸಬಹುದಾದುದು. ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಆಲ್ ಇಂಡಿಯಾ ರೇಡಿಯೋದ ಆರು ನಿಲಯಗಳಿದ್ದುವು. ಅವುಗಳಲ್ಲಿ ಕನ್ನಡನಾಡಿನ ಊರು ಒಂದೂ ಇರಲಿಲ್ಲ. ಮುಂಬಯಿ ಪ್ರಾಂತದ ಕನ್ನಡಿಗರಿಗಾಗಿ ಧಾರವಾಡದಲ್ಲಿ 1950ರ ಜನವರಿ 8ರಂದು ನಿಲಯ ತೆರೆಯಿತು. ಅದೇ ವರ್ಷದ ಏಪ್ರಿಲ್ 1ರಂದು ಸಂಸ್ಥಾನದ ಕೈಯಲ್ಲಿದ್ದ ಮೈಸೂರಿನ ನಿಲಯವೂ ಕೇಂದ್ರ ಸರ್ಕಾರದ ವಶವಾಯಿತು. ಒಬ್ಬ ಮನುಷ್ಯನ ಮನೆ, ಬಳಿಕ ಒಂದು ಸಂಸ್ಥಾನದ ಇಲಾಖೆ, ಬಳಿಕ ಒಂದು ಗಣರಾಜ್ಯದ ಅಂಗ: ಹದಿನೈದೇ ವರ್ಷಗಳಲ್ಲಿ ಮೂರು ಜನ್ಮ.

ನಾಲ್ಕನೆಯದು ಮೈಸೂರಿಗೆ ನೋವಿನದು. 1955ರ ನವೆಂಬರ್ 2ರಂದು ಬೆಂಗಳೂರಿನ ನಿಲಯ ಆರಂಭವಾಯಿತು. ಮೈಸೂರಿನದು ಅಲ್ಲಿಗೆ ವರ್ಗವಾಯಿತು. ಕಾರಣಗಳು ಅರ್ಥವಾಗದವಲ್ಲ. ರಾಜಧಾನಿ ಬೆಂಗಳೂರು, ಅಧಿಕಾರಿಗಳು ಬೆಂಗಳೂರು, ಕಾರ್ಖಾನೆಗಳು ಬೆಂಗಳೂರು. ಹಿಂದಿನ ವರ್ಷ, 1954ರಲ್ಲಿ, ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸ್ಥಾಪಿತವಾಗಿತ್ತು. ವಿಠಲ ವಿಹಾರದ ಕಾಲದಲ್ಲಿ ಪರದೇಶದಿಂದಲೇ ತರಿಸಬೇಕಾಗಿದ್ದ ಪ್ರಸಾರ ಯಂತ್ರಗಳು ಮುಂದೆ ಆ ಕಾರ್ಖಾನೆಯಲ್ಲಿಯೇ ತಯಾರಾಗಿ ದೇಶದ ನಿಲಯಗಳಿಗೆ ಹೋಗತೊಡಗಿದುವು. ಮುಂದೊಂದು ಕಾಲಕ್ಕೆ, 1994ರಲ್ಲಿ, ಬೆಂಗಳೂರಿನ ಉತ್ತರದ ಹೊರವಲಯದಲ್ಲಿ ಐದು ಲಕ್ಷ ವಾಟುಗಳ ಪ್ರಸಾರ ಯಂತ್ರಗಳು ನಿಂತುವು. ಮೂವತ್ತೆಲ್ಲಿ, ಐದು ಲಕ್ಷವೆಲ್ಲಿ! ಬೆಂಗಳೂರಿನ ಹೊರವಲಯದಲ್ಲಿ ಇಂದು ಯಂತ್ರ, ತಂತ್ರಾಂಶಗಳ ನಡುವೆ ದುಡಿಯುವ ಲಕ್ಷಾಂತರ ಜನರಿಗೆ ಈ ಅಂಕಿ ಬೆರಗು ಹುಟ್ಟಿಸದಿರಬಹುದು. ಆದರೆ ಮೈಸೂರಿನವರಿಗೆ 1955ರಲ್ಲಿ ತಿಳಿದುದು ಒಂದೇ. ಇಪ್ಪತ್ತು ವರ್ಷ ತಮ್ಮ ಊರಿನಿಂದ ಎದ್ದ ದನಿ ಇನ್ನು ಬೇರೆ ಊರಿನದು. ಕನ್ನಡಕ್ಕೆ ಮೊದಲು ಆಕಾಶದಲ್ಲಿ ಮನೆ ಕಟ್ಟಿಕೊಟ್ಟ ಊರು ಕೇಳುವ ಊರು ಮಾತ್ರವಾಗಿ ಉಳಿಯಿತು.

ಗೋಪಾಲಸ್ವಾಮಿಯವರು ಆಗ ಬದುಕಿದ್ದರು. ತಾವು ನೆಟ್ಟ ಗಿಡವನ್ನು ಬೇರುಸಹಿತ ಬೇರೆ ಕಡೆಗೆ ಒಯ್ದುದನ್ನು ಅವರು ಕಣ್ಣಾರೆ ಕಂಡರು. 1957ರಲ್ಲಿ ಅವರು ತೀರಿಕೊಂಡರು. ಅವರ ಅಂತ್ಯಕಾಲದ ಆಸುಪಾಸಿನಲ್ಲಿಯೇ, 1950ರ ದಶಕದ ಉತ್ತರಾರ್ಧದಲ್ಲಿ, ಭಾರತ ಸರ್ಕಾರವು ತನ್ನ ಬಾನುಲಿಗೆಲ್ಲ ಆಕಾಶವಾಣಿಯೆಂಬ ಹೆಸರನ್ನು ಅಂಗೀಕರಿಸಿತು. ಮೈಸೂರಿನ ಒಂದು ಮನೆಯಲ್ಲಿ ಬಳಕೆಗೆ ಬಂದ ಪದವು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ದಿನವೂ ಕೋಟ್ಯಂತರ ಜನರ ಕಿವಿಗೆ ಬೀಳತೊಡಗಿತು. ತಮಿಳುನಾಡಿನಲ್ಲಿ ಮಾತ್ರ ಅದಕ್ಕೆ ವಿರೋಧ ಬಂದು, ವಾನೊಲಿ ಎಂಬ ಅಲ್ಲಿಯ ಪದವೇ ಉಳಿಯಿತು. ಮಿಕ್ಕ ಕಡೆಗಳಲ್ಲಿ ಈ ಹೆಸರು ಎಷ್ಟು ಸಹಜವಾಗಿ ಬೇರೂರಿತೆಂದರೆ, ಅದು ದೆಹಲಿಯ ಯಾವುದೋ ಸಮಿತಿಯಲ್ಲಿ ಹುಟ್ಟಿರಬೇಕೆಂದೇ ಜನ ತಿಳಿದರು. ಅಧ್ಯಾಪಕ ಬಂಧುಗಳು ತಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಕೇಳಿ ನೋಡಬಹುದು. ಉತ್ತರ ಬರುವುದು ಅಪರೂಪ. ತಪ್ಪು ವಿದ್ಯಾರ್ಥಿಗಳದಲ್ಲ, ನಾವು ಹೇಳಲಿಲ್ಲ, ಅವರು ಕೇಳಲಿಲ್ಲ.

ಮೈಸೂರಿಗೆ ನಿಲಯ ಮರಳಿ ಬಂದುದು 1974ರ ನವೆಂಬರ್ 14ರಂದು. ಗೋಪಾಲಸ್ವಾಮಿಯವರು ತೀರಿಕೊಂಡು ಆಗ ಹದಿನೇಳು ವರ್ಷ. ಹೊಸ ನಿಲಯಕ್ಕೆ ದೊರೆತ ನೆಲೆ ಯಾದವಗಿರಿ. ಅಲ್ಲಿಂದ ಹಳೆಯ ವಿಠಲ ವಿಹಾರಕ್ಕೆ ಹೆಚ್ಚೆಂದರೆ ಇನ್ನೂರು ಗಜಗಳ ನಡಿಗೆ.